ದನ್ನೂನನ ಹುಳಿ ಪೀಪಾಯಿ

ಮೊಸುಲ್ ಊರಿನಲ್ಲಿ ದನ್ನೂನನ ಮೂಗಿಗೆ ಸಾಟಿಯಾದ ಮೂಗು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಟೈಗ್ರಿಸ್‌ನ ಆಚೆ ದಡದಲ್ಲಿ ಯಾರಾದರೂ ಈರುಳ್ಳಿ ಹೆಚ್ಚಿದರೆ ಈಚೆ ದಡದಲ್ಲಿ ಇವನ ಕಣ್ಣಲ್ಲಿ ನೀರು ಬರುತ್ತಿತ್ತೆಂದು ಆಣೆ ಮಾಡಿ ಹೇಳುವವರಿದ್ದರು. ನಿಜ ಇಷ್ಟೇ: ಅವನು ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಹಳೆಯ ಫಿಲ್ಮು ಕೆಡತೊಡಗಿದರೆ ವಿನೆಗರಿನಂತೆ ಹುಳಿ ನಾರುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಅದಕ್ಕೇ ಪ್ರತಿ ಗುರುವಾರ ಡಬ್ಬಿಗಳನ್ನು ಒಂದೊಂದಾಗಿ ಮೂಸಿ, ಸೋಂಕು ತಗುಲಿದವನ್ನು ದೊಡ್ಡ ಡಾಕ್ಟರ ಗತ್ತಿನಲ್ಲಿ ಬೇರೆ ಇಡುತ್ತಿದ್ದ.

ಕರಿ ಬಾವುಟದ ಉಗ್ರರು ಊರು ಹಿಡಿದ ಮೇಲೆ ಮನುಷ್ಯರ ಚಿತ್ರ ಇಟ್ಟುಕೊಳ್ಳುವುದೇ ತಲೆ ಹೋಗುವ ಅಪರಾಧವಾಯಿತು. ಪಕ್ಕದ ಬೀದಿಯ ಫೋಟೋದವನ ಪೆಟ್ಟಿಗೆಗಳನ್ನು ಚೌಕದಲ್ಲಿ ಸುಟ್ಟರು. ಅವನನ್ನು ಎಲ್ಲಿಗೆ ಒಯ್ದರೋ ತಿಳಿಯಲಿಲ್ಲ. ದನ್ನೂನನ ಡಬ್ಬಿಗಳಲ್ಲಿ ಅರ್ಧ ಊರಿನ ಮುಖಗಳಿದ್ದವು: ಮದುವಣಗಿತ್ತಿಯರು, ಹೊಸ ಸೈಕಲ್ ಹಿಡಿದು ನಿಂತವರು, ಮುಸುಕು ಸರಿಸಿ ನಕ್ಕ ಅಜ್ಜಿಯರು. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಡಬ್ಬಿಗಳನ್ನು ಹೊಸ ಮೂಲೆಗೆ ಸಾಗಿಸುತ್ತಿದ್ದ. ಎಲ್ಲಿ ಬಚ್ಚಿಟ್ಟರೂ ಹುಳಿ ವಾಸನೆ ಹೊರಬಂದು ಚಾಡಿ ಹೇಳುತ್ತಿತ್ತು.

"ಹುಳಿ ನಾರೋದನ್ನ ಹುಳಿ ಇರೋ ಕಡೆ ಇಡ್ರೀ" ಎಂದಳು ಹೆಂಡತಿ ಶುಕ್ರಿಯಾ. "ಅಷ್ಟುದ್ದ ಮೂಗಿದೆ, ಇಷ್ಟು ಹೊಳೀಲಿಲ್ವಾ?"

ಡಬ್ಬಿಗಳು ಅಡುಗೆಮನೆಯ ತಗಡಿನ ಪೀಪಾಯಿ ಸೇರಿದವು, ಉಪ್ಪಿನಕಾಯಿ ಜಾಡಿಗಳ ಪಕ್ಕ.

ಒಂದು ಮಧ್ಯಾಹ್ನ ಬಂದೂಕಿನವರಿಬ್ಬರು ಬಾಗಿಲು ಒದ್ದು ಒಳನುಗ್ಗಿದರು. ಗಡ್ಡದವನೊಬ್ಬ ಅಡುಗೆಮನೆಯಲ್ಲಿ ನಿಂತು ಮೂಸಿದ.

"ಏನೋ ಮುದುಕ, ಹೆಂಡ ಇಳಿಸ್ತಾ ಇದೀಯಾ?"

ಚಿತ್ರಗಳಿಗಾಗಿ ಹೆದರಿ ಹೆದರಿ ಸಾಯುತ್ತಿದ್ದ ದನ್ನೂನನಿಗೆ ಹೆಂಡದ ಯೋಚನೆಯೇ ಬಂದಿರಲಿಲ್ಲ. ಹೆಂಡಕ್ಕೆ ಚಾಟಿಯೇಟು. ಅದನ್ನು ಹುಡುಕಲು ಮುಚ್ಚಳ ತೆಗೆದರೆ ಕತ್ತಿಗೇ ಕುತ್ತು. ಅವನು ಪೀಪಾಯಿಯ ಮೇಲೇ ಕೂತಿದ್ದ.

"ಏಳು ಮೇಲೆ."

ದನ್ನೂನ್ ಏಳಲಿಲ್ಲ.

"ಏಳು ಅಂದೆ!" ಬಂದೂಕಿನ ತುದಿ ಎದೆಗೆ ತಾಗಿತು. ಆಗಲೂ ಏಳಲಿಲ್ಲ.

ಶುಕ್ರಿಯಾ ಮುಸುಕೆಳೆದುಕೊಂಡು ಜಾಡಿ ಹಿಡಿದು ಬಂದಳು. "ಹೆಂಡ ಅಂತೆ! ಟರ್ನಿಪ್ ಗೆಡ್ಡೆ ಉಪ್ಪಿನಕಾಯಪ್ಪಾ ಅದು. ನಲವತ್ತು ದಿನ ತುಂಬೋ ಮುಂಚೆ ಮುಚ್ಚಳ ತೆಗೆದ್ರೆ ಬೂಷ್ಟು ಹಿಡಿಯುತ್ತೆ. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ? ತಗೋ, ಇದು ಕಳಿತಿದೆ."

ಗಡ್ಡದವನು ಒಂದು ತುಂಡು ಬಾಯಿಗೆ ಹಾಕಿಕೊಂಡ. ಕೆಂಪು ರಸ ಗಡ್ಡಕ್ಕಿಳಿಯಿತು. ಅಗಿದ, ಅಗಿದ, ಅಗಿಯುತ್ತಲೇ ಇದ್ದ. ಒಂದು ಸಾಮ್ರಾಜ್ಯ ಎದ್ದು ಬೀಳುವಷ್ಟು ಹೊತ್ತು.

"ನಮ್ಮಮ್ಮ ಬೆಳ್ಳುಳ್ಳಿ ಜಾಸ್ತಿ ಹಾಕ್ತಾಳೆ" ಎಂದವನೇ ಜಾಡಿಯನ್ನು ಕಂಕುಳಲ್ಲಿಟ್ಟುಕೊಂಡು ಜೊತೆಗಾರನೊಂದಿಗೆ ಹೊರಟ.

ಊರು ಬಿಡುಗಡೆಯಾಗಿ ಎರಡು ವರ್ಷಕ್ಕೆ ಆ ಚಿತ್ರಗಳೆಲ್ಲ ಕಂಪ್ಯೂಟರಿಗೇರಿದವು. ದೊಡ್ಡದಾಗಿ ಮುದ್ರಿಸಿ ಗ್ರಂಥಾಲಯದ ಗೋಡೆಗೂ ಹಾಕಿದರು. ಯುದ್ಧದಲ್ಲಿ ಮನೆ ಕುಸಿದವರು ಬಂದು, ತಮ್ಮ ತಾಯಂದಿರ ಮುಖ ಸವರಿ ಅತ್ತರು. ಬಂದೂಕಿಗೆ ಎದೆಯೊಡ್ಡಿ ಸಿಂಹದಂತೆ ಕೂತವನ ಕಥೆ ಚಹಾದಂಗಡಿಗಳಲ್ಲೆಲ್ಲ ಹಬ್ಬಿತು.

ಪತ್ರಿಕೆಯ ಹುಡುಗಿಯೊಬ್ಬಳು ಕೇಳಿದಳು: "ಮಾವ, ಎರಡು ಸಲ ಏಳು ಅಂದ್ರೂ ಏಳಲಿಲ್ವಲ್ಲ, ಆ ಧೈರ್ಯ ಎಲ್ಲಿಂದ ಬಂತು?"

"ಎಲ್ಲಿ ಧೈರ್ಯನಮ್ಮ" ಎಂದ ದನ್ನೂನ್, "ಕಾಲು ನಡುಗ್ತಿತ್ತು, ಏಳೋಕೇ ಆಗ್ಲಿಲ್ಲ."