ಕನ್ನಡಕ ಒರೆಸುವ ಪ್ರೇಮಿ

ಚಳಿಗಾಲದಲ್ಲಿ ನಮ್ಮ ಯಜಮಾನರು ದಿನಾ ಸಂಜೆ ಮನೆಯ ಬಾಗಿಲಲ್ಲಿ ಒಂದು ಗಳಿಗೆ ಕುರುಡರಾಗುತ್ತಾರೆ. ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್ ಬಡಾವಣೆಯ ಆಫೀಸು ಮುಗಿಸಿ, ಟ್ರಾಮ್ ಇಳಿದು, ಹಿಮ ತುಳಿಯುತ್ತ ಬಂದು ಒಳಗೆ ಕಾಲಿಟ್ಟರೆ ಸಾಕು, ಮನೆಯ ಬೆಚ್ಚನೆಯ ಗಾಳಿ ತಾಗಿ ಅವರ ಕನ್ನಡಕ ಬೆಳ್ಳಗೆ ಮಂಜು ಹಿಡಿದುಬಿಡುತ್ತದೆ. ಹೆಗಲಲ್ಲಿ ಚೀಲ, ತಲೆಯ ಮೇಲೆ ಉಣ್ಣೆಯ ಟೊಪ್ಪಿ, ಮೂಗಿನ ಮೇಲೆ ಎರಡು ಬಿಳಿ ಬಿಲ್ಲೆ. ಯಾರಾದರೂ ಬಂದು ಬಿಡಿಸಲಿ ಎಂಬಂತೆ ನಿಂತಲ್ಲೇ ನಿಂತಿರುತ್ತಾರೆ. ನಾನು ಹೋಗಿ ಕನ್ನಡಕ ತೆಗೆದು, ನನ್ನ ದುಪಟ್ಟಾದ ಅಂಚಿನಲ್ಲಿ ಒರೆಸಿ ಕೊಡುತ್ತೇನೆ. ಮನಸ್ಸಿನಲ್ಲಿರುವುದನ್ನು ಅವರು ಬಾಯಿಬಿಟ್ಟು ಆಡುವುದು ಆ ಒಂದು ನಿಮಿಷದಲ್ಲಿ ಮಾತ್ರ. "ಇವತ್ತು ಯಾಕೋ ಊರು ತುಂಬಾ ನೆನಪಾಯ್ತು ಕಣೇ" ಎನ್ನುವುದು, "ನಿನ್ನ ಸಾರಿನ ವಾಸನೆ ಲಿಫ್ಟ್ ತನಕ ಬಂದಿದೆ" ಎನ್ನುವುದು, ಎಲ್ಲ ಆಗಲೇ. ಕನ್ನಡಕ ಮತ್ತೆ ಮೂಗೇರಿತೆಂದರೆ ನಾಳಿನ ಹವಾಮಾನ, ನಾಡಿದ್ದಿನ ಮೀಟಿಂಗು. ಕನ್ನಡಕ ಕಳಚಿದರೇ ನಿಮ್ಮ ಕನ್ನಡ ಹೊರಬರುವುದು ಎಂದು ನಾನು ಅವರನ್ನು ರೇಗಿಸುವುದುಂಟು.

ಈ ರೇಗಿಸುವಿಕೆಯನ್ನು ನನಗೆ ಕಲಿಸಿಕೊಟ್ಟವನು ಒಬ್ಬ ಇಂಗ್ಲಿಷ್ ಸಿನಿಮಾ ನಟ. ಹೆಸರು ಹೇಳುವುದಿಲ್ಲ; ಹಳೆಯ ಪ್ರೀತಿಯ ಹೆಸರನ್ನು ಬೀದಿಯಲ್ಲಿ ಕೂಗುವ ವಯಸ್ಸು ನನ್ನದಲ್ಲ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಗೆಳತಿಯರೊಂದಿಗೆ ಅವನ ಮೊದಲ ಪ್ರೇಮಚಿತ್ರ ನೋಡಿದ್ದೆ. ಅದಕ್ಕೂ ಹಿಂದೆ ಯಾವುದೋ ಚಿತ್ರದಲ್ಲಿ ರೈಲು ಟಿಕೆಟ್ ಕೊಡುವ ಗುಮಾಸ್ತನಾಗಿ ಒಂದೇ ದೃಶ್ಯದಲ್ಲಿ ಬಂದು ಹೋಗಿದ್ದನಂತೆ. ನಮಗೆ ಅವನ ಇಂಗ್ಲಿಷು ಅರ್ಧಕ್ಕರ್ಧ ತಲೆಯ ಮೇಲೆ ಹಾರಿಹೋಗುತ್ತಿತ್ತು. ಆದರೆ ಕೊನೆಯಲ್ಲಿ, ಮಳೆಯಲ್ಲಿ, ನಾಯಕಿಯೆದುರು ನಿಂತು ಹೇಳಲೇಬೇಕಾದ ಮಾತು ಬಂದಾಗ, ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಒರೆಸಿದ, ಒರೆಸಿದ, ಒರೆಸುತ್ತಲೇ ಇದ್ದ. ಅವಳ ಮುಖ ಕಾಣದ ಆ ಮಸುಕಿನಲ್ಲಿ ತಲೆಯೆತ್ತಿ ಹೇಳಿಬಿಟ್ಟ. ಆ ರಾತ್ರಿ ಹಾಸ್ಟೆಲಿನಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ.

ಆಮೇಲಿನ ಚಿತ್ರಗಳಲ್ಲಿ ಅವನು ಪಿಯಾನೊ ರಿಪೇರಿಯವನಾದ, ದನದ ಡಾಕ್ಟರಾದ, ಕೇಕಿನ ಅಂಗಡಿಯ ಮಾಲೀಕನಾದ. ಒಳಗಿದ್ದವನು ಮಾತ್ರ ಅದೇ ಸಂಕೋಚದ ಹುಡುಗ. ಮದುವೆಯಾಗಿ ಗೋಥೆನ್‌ಬರ್ಗಿಗೆ ಬಂದ ಹೊಸದರಲ್ಲಿ ನನಗೆ ಸ್ವೀಡಿಷ್ ಕಲಿಸಿದವನೂ ಅವನೇ. ಇಲ್ಲಿಯ ಟೀವಿಯಲ್ಲಿ ಇಂಗ್ಲಿಷ್ ಚಿತ್ರಕ್ಕೆ ಕೆಳಗೆ ಸ್ವೀಡಿಷ್ ಸಾಲು ಬರೆದು ಹಾಕುತ್ತಾರೆ. ಮೂರು ಗಂಟೆಗೇ ಕತ್ತಲಾಗುವ ಡಿಸೆಂಬರಿನಲ್ಲಿ, ಕಿಟಕಿಯಾಚೆ ಟ್ರಾಮಿನ ದೀಪಗಳು ಹಿಮದ ಮೇಲೆ ತೇಲಿಹೋಗುತ್ತಿದ್ದಾಗ, ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡು ಅವನನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ಸ್ವೀಡಿಷಿನಲ್ಲಿ ಓದಿಕೊಂಡು, ಕನ್ನಡದಲ್ಲಿ ಬೈಯುತ್ತಿದ್ದೆ: ಹೇಳಿಬಿಡೋ ಮಾರಾಯ, ಅವಳ ರೈಲು ಹೊರಟಿತು!

ಹೇಳಿಬಿಟ್ಟಿದ್ದರೆ ಅವನಿಗೆ ಕೆಲಸವಿರುತ್ತಿರಲಿಲ್ಲ ಎಂಬುದು ಬಹಳ ತಡವಾಗಿ ಹೊಳೆಯಿತು. ನೀವೇ ಯೋಚಿಸಿ ನೋಡಿ, ಒಂದೇ ಒಂದು ಮಾತನ್ನು ಎರಡು ಗಂಟೆ ಬಾಯೊಳಗೆ ತಡೆದಿಟ್ಟುಕೊಳ್ಳುವುದೇ ಅವನ ಕಸುಬು. ವರ್ಷಗಟ್ಟಲೆ ಹಾಗೆ ತಡೆದೂ ತಡೆದೂ ಅವನ ಕೂದಲು ನೆರೆಯಿತು. ಒಂದೇ ಮುಖ, ಒಂದೇ ತಡವರಿಕೆ ಎಂದು ಬರೆಯುವವರು ಬರೆದರು. ಕೆಲವು ವರ್ಷ ಅವನ ಸುದ್ದಿಯೇ ಇರಲಿಲ್ಲ. ದೂರದ ನೆಂಟನೊಬ್ಬ ಕಾಗದ ಹಾಕುವುದನ್ನು ನಿಲ್ಲಿಸಿದಂತೆ ನನಗೆ ಒಳಗೊಳಗೇ ಕಳವಳ. ಹೋದ ವರ್ಷ ಮತ್ತೆ ಕಾಣಿಸಿಕೊಂಡ, ಈ ಸಲ ಮದುಮಗಳ ಅಪ್ಪನಾಗಿ. ಮಗಳು ಅವನ ಒಪ್ಪಿಗೆ ಕೇಳಿದಾಗ ಏನು ಮಾಡಿದನೆಂದು ನಿಮಗೆ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮವರು, "ಇವನಿಗೆ ಕನ್ನಡಕ ಒರೆಸೋದು ಬಿಟ್ಟು ಬೇರೆ ಕೆಲಸ ಇಲ್ವಾ?" ಎಂದು ಎದ್ದು ಹೋದರು.

ಎದ್ದು ಹೋದದ್ದಕ್ಕೆ ಕಾರಣವಿತ್ತು. ನಮ್ಮ ಮಗಳು ಇಂಚರ ಇಲ್ಲೇ ಹುಟ್ಟಿ ಬೆಳೆದವಳು, ಈಗ ಬಡಗಣ ಊರು ಉಮೆಯೊದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಆ ಚಿತ್ರ ನೋಡುವುದಕ್ಕೆ ಕೆಲವೇ ದಿನ ಮೊದಲು ವಿಡಿಯೋ ಕಾಲ್‌ನಲ್ಲಿ, "ಅಪ್ಪ, ನಾನೂ ಯೋನಸ್ಸೂ ಸಾಂಬೊ ಆಗ್ತಿದೀವಿ" ಎಂದಿದ್ದಳು. ಮದುವೆಯಿಲ್ಲದೆ ಒಂದೇ ಮನೆಯಲ್ಲಿ ಸಂಸಾರ ಹೂಡುವುದಕ್ಕೆ ಈ ದೇಶದಲ್ಲಿ ಸಾಂಬೊ ಎನ್ನುತ್ತಾರೆ. ಕೇಳಿದವರು ಹುಬ್ಬೇರಿಸುವುದಿಲ್ಲ, ಯಾವಾಗ ಮನೆಗೆ ಕಾಫಿಗೆ ಕರೆಯುತ್ತೀರಿ ಎನ್ನುತ್ತಾರೆ. ಅದೇ ಕಾಲ್‌ನಲ್ಲಿ ಮೈಸೂರಿನಿಂದ ಸೇರಿಕೊಂಡಿದ್ದ ನಮ್ಮತ್ತೆಗೆ ಕಿವಿ ಸ್ವಲ್ಪ ಮಂದ. "ಶಂಭೋ ಅಂದ್ಯಾ ಪುಟ್ಟಿ? ದಿನಾ ಬೆಳಿಗ್ಗೆ ಎದ್ದು ಅನ್ನಮ್ಮ, ಒಳ್ಳೇದಾಗತ್ತೆ" ಎಂದು ಹರಸಿಯೂಬಿಟ್ಟರು. ನಾನು ನಕ್ಕೆ, ಮಗಳು ನಕ್ಕಳು. ಇವರು ನಗಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಇವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೂಂ ಎಂದರೆ ನಮ್ಮ ಮನೆಯಲ್ಲಿ ಸಣ್ಣ ಸಂಗತಿಯಲ್ಲ. ನನ್ನನ್ನು ನೋಡಲು ಬಂದ ದಿನ ಹಿರಿಯರು ಹುಡುಗಿ ಒಪ್ಪಿಗೆಯಾ ಎಂದು ಕೇಳಿದ್ದಕ್ಕೆ, ತುಟಿಯನ್ನೂ ಬಿಚ್ಚದೆ ಇವರು ಹೊರಡಿಸಿದ ಒಂದು ಹೂಂ ಮೇಲೆಯೇ ಈ ಸಂಸಾರವೆಲ್ಲ ನಿಂತಿದೆ. ಮಗಳಿಗೂ ಬೇಕಿದ್ದದ್ದು ಅದೇ. "ಇಲ್ಲಿ ಯಾರ ಪರ್ಮಿಷನ್ನೂ ಬೇಕಿಲ್ಲ, ಗೊತ್ತು" ಎಂದಳು ನನ್ನೊಡನೆ. "ಆದ್ರೂ ಅಪ್ಪ ಹೂಂ ಅನ್ನದೆ ನಾನು ಮನೆ ಶಿಫ್ಟ್ ಮಾಡಲ್ಲಮ್ಮ. ಬೇಡ ಅಂದ್ರೆ ಜಗಳ ಆದ್ರೂ ಆಡಬಹುದು. ಸುಮ್ನೆ ಇದ್ರೆ ಏನ್ ಮಾಡ್ಲಿ?" ಅವಳ ಫೋನು ಬಂದಾಗಲೆಲ್ಲ ಇವರು ಬಾಲ್ಕನಿಗೆ ಹೋಗಿ ಗಿಡವೇ ಇಲ್ಲದ ಕುಂಡಗಳನ್ನು ಸರಿಮಾಡುತ್ತಿದ್ದರು. ಅಪ್ಪ ಮಗಳ ನಡುವೆ ಮಾತೇ ಹೆಪ್ಪುಗಟ್ಟಿಬಿಟ್ಟರೆ ಏನು ಗತಿ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಕೊನೆಗೆ ಜನವರಿಯಲ್ಲಿ ಅವಳೇ ಆ ಹುಡುಗನನ್ನು ಕರೆದುಕೊಂಡು ಬಂದಳು. ಯೋನಸ್ ಉಮೆಯೊದ ಕಡೆಯವನೇ, ಉದ್ದಕ್ಕೆ ಬೆಳೆದ ಮಿತಭಾಷಿ. ನಾನು ಬಿಸಿಬೇಳೆಬಾತು ಮಾಡಿದ್ದೆ, ಖಾರ ಕಡಿಮೆ ಮಾಡಿದ್ದೇನೆಂದು ನಂಬಿಕೊಂಡಿದ್ದೆ. ಊಟದ ನಡುವೆ ಇವರು ಚಮಚ ಕೆಳಗಿಟ್ಟು, ತಮ್ಮ ಆಫೀಸಿನ ಸ್ವೀಡಿಷಿನಲ್ಲಿ, "ನನ್ನ ಮಗಳನ್ನ ಚೆನ್ನಾಗಿ ನೋಡ್ಕೋತೀಯಾ?" ಎಂದು ನೇರವಾಗಿ ಕೇಳಿಬಿಟ್ಟರು. ಹುಡುಗ ಇವರ ಮುಖವನ್ನೇ ನೋಡುತ್ತ, ತುಟಿ ಚೂಪು ಮಾಡಿ, "ಶ್ಶುಪ್" ಎಂದು ಉಸಿರನ್ನು ಒಳಕ್ಕೆಳೆದುಕೊಂಡ. ಅಯ್ಯೋ, ಖಾರ ನೆತ್ತಿಗೇರಿತು ಎಂದು ನಾನು ಗಾಬರಿಯಿಂದ ಅವನ ತಟ್ಟೆಗೆ ಮೂರು ಸೌಟು ಮೊಸರು ಸುರಿದೆ. ಇವರ ಮುಖ ಕಪ್ಪಿಟ್ಟಿತು. "ಕೇಳಿದ್ದಕ್ಕೆ ಉತ್ತರ ಇಲ್ಲ, ಬೆಚ್ಚಿಬಿದ್ದ ನೋಡು" ಎಂದರು ನನಗೆ ಕನ್ನಡದಲ್ಲಿ.

ಇಂಚರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ಅದು ಹೌದು ಅಂತ! ಅವರ ಕಡೆ ಹೌದು ಅನ್ನೋದೇ ಹಾಗೆ!" ಬಡಗಣ ಜನ ಹೌದನ್ನು ಉಚ್ಚರಿಸದೆ ಒಳಗೆ ಸೆಳೆದುಕೊಳ್ಳುತ್ತಾರೆಂದು ಇಷ್ಟು ವರ್ಷ ಈ ದೇಶದ ಅನ್ನ ತಿಂದರೂ ನಮಗೆ ತಿಳಿದಿರಲಿಲ್ಲ. ಹುಡುಗ ಕಿವಿ ಕೆಂಪಾಗಿಸಿಕೊಂಡು ಅಷ್ಟೂ ಮೊಸರನ್ನು ಶ್ರದ್ಧೆಯಿಂದ ತಿಂದು ಮುಗಿಸಿದ. ಇವರು ಎದ್ದು ಕೈತೊಳೆದುಕೊಂಡರು. ನನಗೆ ಮಾತ್ರ ನಿದ್ದೆ ಬರುವ ತನಕ ಆ ಸದ್ದೇ ಕಿವಿಯಲ್ಲಿ. ನಮ್ಮ ಹೂಂ ಮೂಗಿನಿಂದ ಹೊರಗೆ ಬರುತ್ತದೆ, ಅವರದು ಬಾಯಿಂದ ಒಳಗೆ ಹೋಗುತ್ತದೆ. ಎರಡಕ್ಕೂ ಅಕ್ಷರದ ಹಂಗಿಲ್ಲ ಎಂದುಕೊಂಡು ಅರೆಗನಸಿಗೆ ಜಾರಿದೆ.

ಮರುದಿನ ಬೆಳಿಗ್ಗೆ ಅವರಿಬ್ಬರ ರೈಲು. ಇವರು ಯಾರಿಗೂ ಹೇಳದೆ ಬೇಕರಿಗೆ ಹೋಗಿದ್ದರು, ದಾರಿಗೆಂದು ಮಗಳಿಗೆ ಇಷ್ಟವಾದ ದಾಲ್ಚಿನ್ನಿ ಬನ್ನು ತರಲು. ಬಾಗಿಲು ತೆರೆದ ಸದ್ದಾದಾಗ ನಾನು ಪೂರಿ ಲಟ್ಟಿಸುತ್ತಿದ್ದೆ, ಕೈತುಂಬ ಹಿಟ್ಟು. ಇಣುಕಿದರೆ, ಕೈಯಲ್ಲಿ ಬನ್ನಿನ ಪೊಟ್ಟಣ ಹಿಡಿದು, ಮಂಜು ಹಿಡಿದ ಕನ್ನಡಕದಲ್ಲಿ ಇವರು ನಿಂತಿದ್ದಾರೆ. ಅಲ್ಲೇ ನೆಲದ ಮೇಲೆ ಕೂತು ಯೋನಸ್ ಬೂಟಿನ ದಾರ ಕಟ್ಟುತ್ತಿದ್ದ. ಇಂಚರ ಹೋಗಿ ಅಪ್ಪನ ಕನ್ನಡಕ ತೆಗೆದು, ತನ್ನ ಸ್ವೆಟರಿನ ತೋಳಿನಲ್ಲಿ ಒರೆಸಿದಳು. ಒರೆಸಿಯಾದ ಮೇಲೂ ಕೊಡಲಿಲ್ಲ.

"ಅಪ್ಪ, ನಾವಿಬ್ರೂ ಒಟ್ಟಿಗೆ ಇರಬಹುದಾ?"

ಇವರು ಮಗಳ ಮುಖ ಇರಬಹುದಾದ ಕಡೆಗೆ ನೋಡುತ್ತ ನಿಂತರು. ಕನ್ನಡಕವಿಲ್ಲದ ಆ ಮುಖ ತೀರಾ ಎಳೆಯದಾಗಿ ಕಂಡಿತು. ಆಮೇಲೆ ಇವರು ತುಟಿ ಚೂಪು ಮಾಡಿದರು. "ಶ್ಶುಪ್."

ಯೋನಸ್ ದಾರ ಬಿಟ್ಟು ತಲೆಯೆತ್ತಿದ.

"ಸರಿಯಾಗಿ ಬರಲಿಲ್ಲಪ್ಪ" ಎಂದಳು ಇಂಚರ.

"ಹೂಂ" ಎಂದರು ಇವರು.

ಅವಳು ಕನ್ನಡಕವನ್ನು ತಾನೇ ಅವರ ಕಿವಿಗೆ ಸಿಕ್ಕಿಸಿದಳು. ಎಣ್ಣೆ ಹೊಗೆಯಾಡುತ್ತಿದೆಯೆಂದು ನೆನಪಾಗಿ ನಾನು ಒಲೆಯ ಕಡೆ ಓಡಿದೆ.

ನಿನ್ನೆ ಸಂಜೆ ಟೀವಿಯಲ್ಲಿ ಆ ಇಂಗ್ಲಿಷ್ ನಟನ ಹಳೆಯ ಚಿತ್ರ ಮತ್ತೆ ಬಂತು. ಅದೇ ಮಳೆ, ಅದೇ ಅಂಗಿಯ ತುದಿ. ಅಷ್ಟು ಚಿತ್ರಗಳಲ್ಲಿ ಅಷ್ಟು ಜನ ನಾಯಕಿಯರು ಅವನೆದುರು ಹಾಗೇ ನಿಂತು ಕಾದರು. ಒಬ್ಬಳಾದರೂ ಕೈಚಾಚಿ, ಇತ್ತ ಕೊಡು, ನಾನು ಒರೆಸಿಕೊಡುತ್ತೇನೆ ಎನ್ನಲಿಲ್ಲ. ಇಡೀ ಬದುಕು ಪ್ರೇಮಿಯಾಗಿದ್ದೂ ತನ್ನ ಕನ್ನಡಕ ತಾನೇ ಒರೆಸಿಕೊಂಡ, ಪಾಪ. ಬಾಗಿಲಲ್ಲಿ ಬೀಗದ ಕೈ ತಿರುಗಿದ ಸದ್ದಾಯಿತು. ಅವನನ್ನು ಆ ಮಳೆಯಲ್ಲೇ ಬಿಟ್ಟು, ದುಪಟ್ಟಾ ಸರಿಮಾಡಿಕೊಳ್ಳುತ್ತ ಎದ್ದೆ.