ಅಂಬಾಸಿಡರಿಗೆ ಕೊಂಡಿ ಹಾಕಿದ ಶಿವಸಂಗಪ್ಪ

ಆರತಿಯನ್ನು ಬಾಯಿಂದ ಊದಿ ಆರಿಸುವುದು ಇಳಕಲ್ಲಿನಲ್ಲಿ ಯಾರೂ ಮಾಡದ ಕೆಲಸ. ಕಳೆದ ವರ್ಷ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಶಿವಸಂಗಪ್ಪನವರು ಅದನ್ನು ಓಣಿಯ ಅರ್ಧ ಜನರೆದುರು ಮಾಡಿದರು. ಹೆಂಡತಿ ಬಾಳವ್ವ ಹಳೆಯ ಅಂಬಾಸಿಡರ್ ಕಾರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕರ್ಪೂರದ ತಟ್ಟೆ ಎತ್ತಿದ್ದೇ ತಡ, ಇವರು ಓಡಿಬಂದು ಕೆನ್ನೆಯುಬ್ಬಿಸಿ ಊದಿಬಿಟ್ಟರು. ಕರ್ಪೂರ ಆರಿತು, ಬಾಳವ್ವನ ಮುಖ ಹೊತ್ತಿತು.

"ಏನ್ ಬುದ್ಧಿಗೇಡಿ ಕೆಲಸರಿ ಇದು! ಆರತಿ ಊದ್ತಾರೇನು?"

"ಕೆಳಗ ನೋಡು. ಪೆಟ್ರೋಲ್ ಸೋರಾಕ ಹತ್ತೈತಿ. ಊದಲಿಲ್ಲಂದ್ರ ಎಲ್ಲಾರೂ ಕೂಡೇ ದೇವರ ಕಡೆ ಹೋಗ್ತಿದ್ವಿ."

ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕಬ್ಬಿಣದ ಪೈಪು ತುಕ್ಕು ಹಿಡಿದು ತೊಟ್ಟಿಕ್ಕುತ್ತಿತ್ತು. ಊರವರು ಪೈಪನ್ನು ಮರೆತರು. ಊದಿದ್ದನ್ನು ಇಂದಿಗೂ ಮರೆತಿಲ್ಲ.

ಶಿವಸಂಗಪ್ಪನವರದು ಹಳೆಯ ನೇಕಾರರ ಮನೆತನ. ಅರವತ್ತು ದಾಟಿದ ಮೇಲೆ ಸೀರೆ ವ್ಯಾಪಾರವನ್ನು ಅಣ್ಣನ ಮಗ ರಾಜಕುಮಾರನಿಗೆ ಒಪ್ಪಿಸಿದ್ದಾರೆ. ಅವನು ಪಡಸಾಲೆ, ಹಿತ್ತಲು, ಅಟ್ಟ ಎನ್ನದೆ ಪವರ್‌ಲೂಮ್ ಕೂರಿಸಿದ್ದಾನೆ. ಆ ಮನೆಯಲ್ಲಿ ಚಹಾ ಬೇಕೆಂದರೂ ಕೈಸನ್ನೆ ಮಾಡಬೇಕು. ಉಳಿದಿದ್ದುದು ಕಾರಿನ ಶೆಡ್ ಒಂದೇ. ಊಟವಾದ ಮೇಲೆ ದಿನಾಲೂ ಶಿವಸಂಗಪ್ಪನವರು "ಗಾಡಿ ನೋಡಿ ಬರ್ತೇನಿ" ಎಂದು ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಂಜೆಯವರೆಗೆ ಹೊರಬರುವುದಿಲ್ಲ. ಲೋಹದ ಮೇಲೆ ಇಂಥ ಮೋಹ ಎಂದು ಓಣಿಯವರಾದ ನಾವು ಬೆರಗಾಗುತ್ತಿದ್ದೆವು.

ಪೆಟ್ರೋಲ್ ಸೋರಿದ್ದು ರಾಜಕುಮಾರನಿಗೆ ನೆಪವಾಯಿತು. "ಕಾಕಾ, ಇದು ಕಾರಲ್ಲ, ಬಾಂಬ್. ಗುಜರಿಗೆ ಹಾಕ್ರಿ. ಶೆಡ್ಡಿನ್ಯಾಗ ಎರಡು ಲೂಮ್ ಕುಂಡ್ರತಾವು."

"ಹಾಕಂಗಿಲ್ಲಲೇ."

"ಹಂಗಾರ ಓಡಿಸಿ ತೋರಸ್ರಿ. ದೀಪಾವಳಿಯೊಳಗ ಬಾದಾಮಿಗೆ ಹೋಗಿ ತನ್ನ ಕಾಲ ಮ್ಯಾಲೆ ತಾನ ಬಂದ್ರ ಶೆಡ್ ನಿಮ್ಮದು. ಇಲ್ಲಂದ್ರ ನಂದು."

ಬಾಳವ್ವ ಸಾಕ್ಷಿಯಾದಳು. ಆರತಿಯ ಸಿಟ್ಟು ಇನ್ನೂ ಇಳಿದಿರಲಿಲ್ಲವಾದ್ದರಿಂದ ರಾಜಕುಮಾರನ ಪರವಾಗಿಯೇ ಸಾಕ್ಷಿಯಾದಳು.

ಮೆಕ್ಯಾನಿಕ್ ಹನಮಂತಪ್ಪ ಕಾರಿನ ಕೆಳಗೆ ತೂರಿ ಸ್ಕ್ರೂಡ್ರೈವರಿನಿಂದ ಪೈಪನ್ನು ಮುಟ್ಟಿದ. ಅದು ಸಲೀಸಾಗಿ ಒಳಗೆ ಹೋಯಿತು. "ಹಿಂದಿನಿಂದ ಮುಂದಿನ ಮಟ ಪೂರಾ ಬದಲಿ ಮಾಡಬೇಕ್ರಿ. ಗಾಡಿ ನಾಕು ದಿನ ಇಲ್ಲೇ ಬಿಟ್ಟು ಹೋಗ್ರಿ."

"ನಾಕು ದಿನ? ಆಗಂಗಿಲ್ಲಪಾ. ಮಧ್ಯಾಹ್ನದೊಳಗ ಮನಿಗೆ ಬೇಕು. ಕೆಟ್ಟಷ್ಟು ಕತ್ತರಿಸಿ ಕೊಂಡಿ ಹಾಕು."

ಇಳಕಲ್ ಸೀರೆಯಲ್ಲಿ ಒಡಲಿನ ಉದ್ದನೆಯ ಎಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದೇ ಕೊಂಡಿ. "ಇವತ್ತಿನ ಮಟ ನಾ ಕೂಡಿಸಿದ ಒಂದು ಸೆರಗೂ ಬಿಚ್ಚಿಲ್ಲ" ಎಂದು ಶಿವಸಂಗಪ್ಪನವರು ಎದೆ ತಟ್ಟಿದರು.

"ಖರೆ ಐತ್ರಿ. ಆದ್ರ ಸೆರಗಿನ್ಯಾಗ ಪೆಟ್ರೋಲ್ ಹರಿಯಂಗಿಲ್ಲಲ್ರಿ."

ಆದರೂ ಯಜಮಾನರ ಮಾತೇ ನಡೆಯಿತು. ಕೆಟ್ಟಲ್ಲೆಲ್ಲ ಪೈಪು ಕತ್ತರಿಸಿ ರಬ್ಬರ್ ನಳಿಕೆ, ಕ್ಲಿಪ್ಪು ಹಾಕಲಾಯಿತು. ಮೊದಲ ಪ್ರಯಾಣ ಹುನಗುಂದದ ಪೆಟ್ರೋಲ್ ಬಂಕಿನವರೆಗೆ ನಡೆಯಿತು. ಅಲ್ಲಿ ಟ್ಯಾಂಕು ತುಂಬಿಸಿ ಎಂಜಿನ್ ಚಾಲೂ ಮಾಡಿದ ಕೂಡಲೇ ಕೊಂಡಿಯ ಪಕ್ಕದ ಹಳೆಯ ಪೈಪೇ ಒಡೆಯಿತು. ಬಂಕಿನ ಹುಡುಗಿ ಫರಹಾನಾ ಕೂಗಿದಳು: "ಅಜ್ಜಾರ, ಬಂದ್ ಮಾಡ್ರಿ! ನಾ ಹಾಕಿದ್ದು ನೆಲಾನ ಕುಡ್ಯಾಕ ಹತ್ತೈತಿ!" ಜನ ಸೇರಿ ಕಾರನ್ನು ಹೊರಗೆ ನೂಕಿದರು. ಅದು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಸೀದಾ ಹನಮಂತಪ್ಪನ ಗ್ಯಾರೇಜಿಗೆ ಬಂತು. ಅಂಬಾಸಿಡರ್ ಎಂದರೆ ರಾಯಭಾರಿಯಂತೆ. ಅಂದು ಅದು ಬರೀ ಭಾರಿ.

"ತನ್ನ ಕಾಲ ಮ್ಯಾಲೆ ಬರಲಿಲ್ಲ, ಕಾಕಾ" ಎಂದ ರಾಜಕುಮಾರ.

"ದೀಪಾವಳಿ ಇನ್ನೂ ಬಂದಿಲ್ಲ."

ಈ ಸಲ ಕಾರನ್ನು ಗ್ಯಾರೇಜಿನಲ್ಲೇ ಬಿಟ್ಟರು. ಹಳೆಯ ಪೈಪನ್ನು ಅಳತೆಗೆಂದು ಬಿಚ್ಚಲು ಹೋದರೆ ಅದು ಹಪ್ಪಳದಂತೆ ಮುರಿಯಿತು. ಹನಮಂತಪ್ಪ ದಪ್ಪ ತಂತಿಯೊಂದನ್ನು ಕಾರಿನಡಿ ಹಾಯಿಸಿ ತಿರುವುಗಳ ಗುರುತು ಹಿಡಿದು, ಅದೇ ಪ್ರಕಾರ ಹೊಸ ಪೈಪನ್ನು ಬಾಗಿಸಿದ. ಟ್ಯಾಂಕಿನ ತುಕ್ಕನ್ನೂ ತೊಳೆದ. ಶಿವಸಂಗಪ್ಪನವರು ಅಷ್ಟೂ ದಿನ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಕಣ್ಣು ಕೆಂಪಾಗಿದ್ದವು, ಮಾತೂ ಕಡಿಮೆ. ಮಧ್ಯಾಹ್ನವಂತೂ ಹತ್ತಿರ ಹೋದವರ ಮೇಲೆ ಹಾಯುತ್ತಿದ್ದರು.

"ಜೀವ ಆ ಗಾಡಿಮ್ಯಾಲ ಐತೆವಾ" ಎಂದು ಓಣಿಯ ಹೆಂಗಸರು ಹೇಳಿದಾಗ ಬಾಳವ್ವನ ಸಿಟ್ಟು ಕರಗಿ, ಗ್ಯಾರೇಜಿಗೆ ಬುತ್ತಿ ಹೋಗತೊಡಗಿತು.

ದೀಪಾವಳಿಗೆ ಮುಂಚೆ ಕಾರು ಹೊರಟಿತು. ಪಕ್ಕದ ಸೀಟಿನಲ್ಲಿ ರಾಜಕುಮಾರ ಮೂಗು ಅರಳಿಸಿಕೊಂಡು ಪೆಟ್ರೋಲ್ ವಾಸನೆಗಾಗಿ ಕಾದು ಕೂತಿದ್ದ. ಹುನಗುಂದ ದಾಟಿತು. ಅಮೀನಗಡದಲ್ಲಿ ಅವನು ಇಳಿದು ಬಗ್ಗಿ ನೋಡಿದ. ನೆಲ ಒಣಗಿತ್ತು. ಶಿವಯೋಗ ಮಂದಿರದಲ್ಲಿ ಕೈಮುಗಿದು, ಬಾದಾಮಿಯಲ್ಲಿ ಚಹಾ ಕುಡಿದು, ಸಂಜೆ ಕಾರು ತನ್ನ ಕಾಲ ಮೇಲೆ ತಾನೇ ಶೆಡ್ಡಿಗೆ ಬಂತು. ಬಾಳವ್ವ ಧೈರ್ಯವಾಗಿ ಆರತಿ ಎತ್ತಿದಳು. ಯಾರೂ ಊದಲಿಲ್ಲ.

ರಾಜಕುಮಾರ ಸೋಲೊಪ್ಪಿಕೊಂಡ. "ಶೆಡ್ ನಿಮ್ದ ಕಾಕಾ. ಆದ್ರ ಖರೆ ಹೇಳ್ರಿ, ಈ ಗಾಡಿಮ್ಯಾಲ ಅಷ್ಟ್ಯಾಕ ಪ್ರೀತಿ? ನಮ್ಮಪ್ಪನ ನೆನಪೇನು?"

ಶಿವಸಂಗಪ್ಪನವರು ಹಿಂದಿನ ಬಾಗಿಲು ತೆರೆದು, ಡಿಕ್ಕಿಯಿಂದ ತಂದ ತಲೆದಿಂಬನ್ನು ಸೀಟಿನ ಮೇಲಿಟ್ಟು, ಕೌದಿ ಹಾಸಿದರು.

"ಎಂಥಾ ನೆನಪೋ. ಒಂದು ಬೆರಳು ಬಿಟ್ಟು ಗ್ಲಾಸ್ ಏರಿಸಿದ್ರ ನಿನ್ನ ಲೂಮಿನ ಸಪ್ಪಳ ಕೇಳಂಗಿಲ್ಲ. ಈ ಊರಾಗ ಮಧ್ಯಾಹ್ನ ನಿದ್ದಿ ಹತ್ತೂ ಜಾಗಾ ಇದೊಂದ. ಪೆಟ್ರೋಲ್ ನಾತಕ್ಕ ಎಚ್ಚರಾಗ್ತಿತ್ತು, ಅದಕ್ಕ ಪೈಪ್ ಹಾಕಿಸಿದೆ."