ಕಂಬದ ಮೇಲೆ ಉಳಿದ ಎರಡು

ನಾನು ನಿಂತಿದ್ದದ್ದು ಡಚ್ಚರ ನಾಡಿನ ಹಾರ್ಲೆಮ್ ಊರಿನ ಅಂಚಿನ ಒಂದು ಮೈದಾನದಲ್ಲಿ, ಬಿಳಿ ಗೆರೆಯಿಂದ ಎರಡು ಹೆಜ್ಜೆ ಹೊರಗೆ, ನಮ್ಮ ತಂಡದ ಬೆಂಚಿನ ಎದುರಿಗೆ. ಜೂನ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಬಿಸಿಲಿತ್ತು, ಸಮುದ್ರದ ಕಡೆಯಿಂದ ಗಾಳಿಯೂ ಇತ್ತು. ನನ್ನ ಕೈಯಲ್ಲಿ ನನಗಿಂತ ತುಸು ಎತ್ತರದ ಕಂಬ. ಅದರ ತುದಿಯಲ್ಲಿ ತಿರುಗಿಸಿ ಬದಲಿಸುವ ಅಂಕಿ. ಆ ಹೊತ್ತಿನಲ್ಲಿ ಅದು ಎರಡು ಎಂದು ತೋರಿಸುತ್ತಿತ್ತು. ಮೂರು ಎಂದು ತೋರಿಸಬೇಕಿತ್ತು.

ನನ್ನಿಂದ ಎಂಟು ಅಡಿ ದೂರದಲ್ಲಿ ಪ್ರತೀಕ ಒಂದು ಕೈ ನೆಲಕ್ಕೂರಿ ಏಳಲು ನೋಡುತ್ತಿದ್ದ. ಓಡಿ ಬರುವಾಗ ಎದುರಾಳಿಯೊಬ್ಬನ ಮಂಡಿ ಅವನ ತಲೆಗೆ ಬಡಿದದ್ದನ್ನು ನಾನು ಕಂಡಿದ್ದೆ. ಶಿರಸ್ತ್ರಾಣದ ಸದ್ದು ಕೇಳಿದ್ದೆ. ಖಾಲಿ ಕೊಡಪಾನ ಕಲ್ಲಿಗೆ ತಾಕಿದಂಥ ಸದ್ದು. ಅವನು ಎದ್ದ, ನನ್ನನ್ನು ನೋಡಿದ, ಕನ್ನಡದಲ್ಲಿ ಕೇಳಿದ:

"ಅಣ್ಣ, ನಮ್ದು ಯಾವ ಕಡೆ?"

ಆ ಮೈದಾನದಲ್ಲಿದ್ದ ಇನ್ನೂರು ಜನರಲ್ಲಿ ಈ ಮಾತು ಅರ್ಥವಾದದ್ದು ನನಗೊಬ್ಬನಿಗೆ.

ಮೈಸೂರಿನವನಾದ ನಾನು ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಹೇಳಬೇಕು. ನಾಲ್ಕು ವರ್ಷದ ಹಿಂದೆ ಲೈಡನ್ನಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ತಕ್ಕಡಿ, ತಾಪಮಾಪಕ, ಹನಿ ಅಳೆಯುವ ಕೊಳವೆಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಉದ್ಯೋಗ. ಲೈಡನ್ನಿನಲ್ಲಿ ಮನೆ ಸಿಗಲಿಲ್ಲ. ಮೂರು ತಿಂಗಳು ಅಲೆದ ಮೇಲೆ ಹಾರ್ಲೆಮ್‌ನಲ್ಲಿ ಹೆಂಕ್ ಎಂಬ ಹಿರಿಯರ ಮನೆಯ ಮೇಲಂತಸ್ತು ಸಿಕ್ಕಿತು. ಅಲ್ಲಿನ ಮೆಟ್ಟಿಲು ಎಷ್ಟು ಕಡಿದೆಂದರೆ ನನ್ನ ಮಂಚವನ್ನು ಹೊರಗೆ ಸೂರಿನಡಿ ಇದ್ದ ಕೊಕ್ಕೆಗೆ ಹಗ್ಗ ಕಟ್ಟಿ ಕಿಟಕಿಯಿಂದ ಒಳಗೆಳೆದುಕೊಂಡೆವು. ಮೈಸೂರಿನ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ಹೇಳದೆ ಕೇಳದೆ ಅಡುಗೆಮನೆಯವರೆಗೂ ಬರುತ್ತಿದ್ದರು. ಇಲ್ಲಿ ಮಂಚ ಕಿಟಕಿಯಿಂದ ಬರುತ್ತದೆ, ಮನುಷ್ಯರು ಡೈರಿಯಲ್ಲಿ ಬರೆದುಕೊಂಡು ಬರುತ್ತಾರೆ. ಒಂದೇ ಮನೆಯ ಮೇಲೆ ಕೆಳಗೆ ಇದ್ದರೂ ಹೆಂಕ್ ಮೊದಲ ಸಲ ಕಾಫಿಗೆ ಕರೆದದ್ದು ಹನ್ನೊಂದು ದಿನ ಮುಂಚಿತವಾಗಿ.

ಎಂಬತ್ತಕ್ಕೆ ಹತ್ತಿರವಾದವರನ್ನು ಬರಿಯ ಹೆಸರು ಹಿಡಿದು ಕರೆಯುವುದು ನನಗೆ ಆಗುತ್ತಿರಲಿಲ್ಲ. 'ಸರ್' ಎಂದೆ. "ಸರ್ ಯಾರು? ನಾನು ಹೆಂಕ್," ಎಂದರು. ನಾಲಿಗೆ ಒಗ್ಗಲು ಒಂದು ಚಳಿಗಾಲ ಬೇಕಾಯಿತು. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟರು, ಡಬ್ಬದ ಮುಚ್ಚಳ ಹಾಕಿದರು. ಆಮೇಲೆ ನೇರವಾಗಿ ಕೇಳಿದರು: "ಭಾನುವಾರ ನೀನೊಬ್ಬನೇ ಕೂತಿರ್ತೀಯ. ಅಳತೆ ಮಾಡೋನು ಅಂತೀಯ. ನಮ್ಮ ಕ್ಲಬ್ಬಿನ ಸರಪಳಿ ಹಿಡೀತೀಯಾ?"

ಇಲ್ಲಿ ಯಾವ ಕ್ಲಬ್ಬೂ ಸಂಬಳದ ಆಳುಗಳಿಂದ ನಡೆಯುವುದಿಲ್ಲ. ಕಾಫಿ ಕೊಡುವವರು, ಗೆರೆ ಬಳಿಯುವವರು, ಬಟ್ಟೆ ಒಗೆಯುವವರು ಎಲ್ಲರೂ ಫ್ರೈವಿಲಿಖರ್, ಅಂದರೆ ಸ್ವಂತ ಇಚ್ಛೆಯಿಂದ ದುಡಿಯುವವರು. ಕ್ಲಬ್ಬಿನ ಪಾಳಿಯ ಹಲಗೆಯ ಮೇಲೆ ಹೆಸರು ಬಿದ್ದರೆ ಬರಲೇಬೇಕು. ಹೆಂಕ್ ಅವರ ಕ್ಲಬ್ಬು ಆಡುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್. ಸುತ್ತಲಿನ ಕೆಲವು ಊರುಗಳ ಸಣ್ಣ ತಂಡಗಳು, ಹೆಚ್ಚಿನವರು ವಿದ್ಯಾರ್ಥಿಗಳು. ಹೆಸರು ಫುಟ್‌ಬಾಲ್ ಆದರೂ ಕಾಲಿಗೆ ಕೆಲಸ ಓಡುವುದಷ್ಟೇ. ಸುಲಿದ ತೆಂಗಿನಕಾಯಿಯ ಆಕಾರದ ಚೆಂಡನ್ನು ಎದೆಗವಚಿ ಮುನ್ನುಗ್ಗಬೇಕು. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಆ ಹತ್ತು ಗಜ ಅಳೆಯಲು ಎರಡು ಕೋಲುಗಳ ನಡುವೆ ಒಂದು ಸರಪಳಿ. ಎಷ್ಟನೆಯ ಯತ್ನ ಎಂದು ತೋರಿಸಲು ನನ್ನ ಕಂಬ.

ಸರಪಳಿಯವರಿಗೆ ಎರಡು ಕಟ್ಟಳೆ. ಗೆರೆ ದಾಟಬಾರದು. ಯಾರ ಪರವಾಗಿಯೂ ಕೂಗಬಾರದು. ನಮ್ಮ ತಂಡ ಗೆದ್ದರೂ ನನ್ನ ಕೈ ಕಂಬದ ಮೇಲೆ, ಬಾಯಿ ಮುಚ್ಚಿ. ಇದು ನನಗೆ ಕಷ್ಟವೆನಿಸಲಿಲ್ಲ. ಈ ದೇಶದಲ್ಲಿ ಎಲ್ಲ ಕಡೆಯೂ ನಾನು ಹಾಗೆಯೇ ನಿಂತಿದ್ದೆ.

ಪ್ರತೀಕ ಸಿಕ್ಕಿದ್ದು ಆ ಮೈದಾನದಲ್ಲೇ. ಉಡುಪಿಯ ಕಡೆಯವನು, ಇಪ್ಪತ್ನಾಲ್ಕು ವರ್ಷ, ಲೈಡನ್ನಿನಲ್ಲಿ ಎಂ.ಎಸ್ಸಿ ಓದುತ್ತಿದ್ದ. ಊರಿನಲ್ಲಿ ಕಬಡ್ಡಿ ಆಡಿದ ಕಾಲು; ಇಲ್ಲಿನ ದಢೂತಿ ಹುಡುಗರ ನಡುವಿನಿಂದ ಮೀನಿನ ಹಾಗೆ ನುಸುಳುತ್ತಿದ್ದ. ಮೊದಲ ದಿನವೇ ನನ್ನ ಕಂಬ ನೋಡಿ, "ಎಂತ ಅಣ್ಣ, ಸರ್ವೆಗೆ ಬಂದದ್ದಾ? ನಮ್ಮ ಜಾಗ ಸ್ವಲ್ಪ ಜಾಸ್ತಿ ಹಾಕಿ ಮಾರಾಯ್ರೆ," ಎಂದಿದ್ದ. ಪಂದ್ಯ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ನನ್ನ ಡಬ್ಬಿಯ ಚಿತ್ರಾನ್ನವನ್ನು ಕೇಳದೆ ತೆಗೆದು ತಿನ್ನುತ್ತಿದ್ದ. ಹಾಗೆ ಕೇಳದೆ ತೆಗೆದುಕೊಳ್ಳುವವನೊಬ್ಬ ಸಿಕ್ಕಿದ್ದು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಅವನಿಗೆ ಹೇಳಿಲ್ಲ.

ಏಪ್ರಿಲ್‌ನಲ್ಲಿ ಒಂದು ಸಂಜೆ ಹೆಂಕ್ ನನಗೆ ಒಂದು ಫೋಟೋ ತೋರಿಸಿದರು. ಚರ್ಮದ ಟೋಪಿ ಹಾಕಿದ ಹದಿನೈದು ಗಂಡಸರು ಎರಡು ಸಾಲಿನಲ್ಲಿ. ಹಿಂದಿನ ಸಾಲಿನ ಎಡತುದಿಯವನು ಅವರ ಹಿರಿಯಣ್ಣ ವಿಮ್. ಮಹಾಯುದ್ಧ ಮುಗಿದ ಕೆಲವು ವರ್ಷಕ್ಕೆ ಚರ್ಚಿನವರ ನೆರವಿನಿಂದ ಅಮೆರಿಕಕ್ಕೆ ಓದಲು ಹೋದವನು. ಸಣ್ಣ ಕಾಲೇಜು, ಸುತ್ತಲ ಸಣ್ಣ ಕಾಲೇಜುಗಳದೇ ಒಂದು ಲೀಗು. ಯುದ್ಧದಿಂದ ಮರಳಿದ ಸೈನಿಕರು ಅವನ ಸಹಪಾಠಿಗಳು. ವಿಮ್ ಅದುವರೆಗೆ ಆ ಚೆಂಡನ್ನು ಕಂಡವನೇ ಅಲ್ಲ. ಹೆಗಲು ಅಗಲವಿದೆ ಎಂದು ಸೇರಿಸಿಕೊಂಡರು. ನಾಲ್ಕನೆಯ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿತ್ತು. ಸರಿಯಾಗಿದ್ದೀಯಾ ಎಂದರು, ಸರಿಯಾಗಿದ್ದೇನೆ ಎಂದ. ಆಡಿದ. ಮತ್ತೊಂದು ಪೆಟ್ಟು ಬಿತ್ತು.

"ಆ ವಾರ ಅಮ್ಮನಿಗೆ ಬರೆದ ಕಾಗದ ಇದು," ಎಂದು ಹೆಂಕ್ ಮುಂದಿಟ್ಟರು. ಮೊದಲ ಸಾಲು ಓದಿ ಹೇಳಿದರು: "ಖಾಟ್ ಖುಟ್. ಚೆನ್ನಾಗಿದೀನಿ. ಎಲ್ಲರೂ ಹೀಗೇ ಬರೀತಾರೆ." ಕಾಗದದ ಸಾಲುಗಳು ಬಲಕ್ಕೆ ಹೋದಂತೆ ಕೆಳಗಿಳಿದು ಕೊನೆಗೆ ಒಂದರ ಮೇಲೊಂದು ಬಿದ್ದಿದ್ದವು. ಮನೆಯವರೆಲ್ಲ ಅದನ್ನು ನೋಡಿದರಂತೆ. ಯಾರೂ ಏನೂ ಅನ್ನಲಿಲ್ಲವಂತೆ. ವಸಂತದಲ್ಲಿ ವಿಮ್‌ನನ್ನು ಹಡಗಿನಲ್ಲಿ ವಾಪಸು ಕರೆತಂದರು. ಆಮೇಲೆ ಮೂವತ್ತು ವರ್ಷ ಈ ಮನೆಯ ಮುಂದಿನ ಕಿಟಕಿಯ ಬಳಿ ಕೂತು, ಹಾದುಹೋಗುವವರನ್ನು ಇವತ್ತು ಯಾವ ವಾರ ಎಂದು ಕೇಳುತ್ತಿದ್ದನಂತೆ.

"ಇಷ್ಟಾದರೂ ಈ ಆಟದ ಹತ್ತಿರ ಯಾಕೆ ಹೋಗ್ತೀರಿ?" ಎಂದೆ.

"ಹುಡುಗರು ಆಡೇ ಆಡ್ತಾರೆ. ಯಾರಾದರೂ ಹತ್ತಿರ ನಿಂತು ನೋಡಬೇಕು."

ನಮ್ಮ ಮನೆಗಳ ಕಾಗದಗಳು ನೆನಪಾದವು. 'ನಾನು ಇಲ್ಲಿ ಕ್ಷೇಮ' ಎಂಬ ಸಾಲನ್ನು ನಾವು ಜ್ವರದಲ್ಲಿದ್ದಾಗಲೂ ಬರೆದವರು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಅಕ್ಕನಿಗೆ ವಾರವಾರವೂ ಅದನ್ನೇ ಹೇಳಿದ್ದೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಋತುವಿನ ಕೊನೆಯ ಪಂದ್ಯ. ಗೆದ್ದರೆ ಮೇಲಿನ ದರ್ಜೆಗೆ ಹೋಗುತ್ತಿದ್ದೆವು. ಪ್ರತೀಕನಿಗೆ ಪೆಟ್ಟು ಬಿದ್ದದ್ದು ಎರಡನೆಯ ಯತ್ನದಲ್ಲಿ. ಅದು ಮುಗಿದೊಡನೆ ನಾನು ಅಂಕಿಯನ್ನು ಮೂರಕ್ಕೆ ತಿರುಗಿಸಬೇಕಿತ್ತು. ಅವನನ್ನೇ ನೋಡುತ್ತಿದ್ದವನು ಮರೆತೆ. ನಾಲ್ಕು ವರ್ಷದಲ್ಲಿ ನಾನು ಮಾಡಿದ ಅಳತೆಯ ತಪ್ಪು ಅದೊಂದೇ.

ತೀರ್ಪುಗಾರ ಆಟ ನಿಲ್ಲಿಸಿದ. ಪ್ರಥಮ ಚಿಕಿತ್ಸೆಯ ಮಾರ್ಲೂಸ್ ಬಂದಳು. ವಾರದ ದಿನಗಳಲ್ಲಿ ಶಾಲೆಯೊಂದರಲ್ಲಿ ಪಾಠ ಹೇಳುವವಳು. ಪ್ರತೀಕನನ್ನು ಗೆರೆಯ ಹೊರಗೆ, ನನ್ನ ಮುಂದೆಯೇ ನಿಲ್ಲಿಸಿದಳು. ಇಂಗ್ಲಿಷಿನಲ್ಲಿ ಮೂರು ಪ್ರಶ್ನೆ ಕೇಳಿದಳು. ಎಲ್ಲಿದ್ದೇವೆ? ಅವನು ಹೇಳಿದ. ಯಾರ ಮೇಲೆ ಆಡುತ್ತಿದ್ದೇವೆ? ಎದುರಿನ ಅಂಗಿಗಳನ್ನು ನೋಡಿ ಹೇಳಿದ. ಈಗ ಆಡಬೇಕಾದದ್ದು ಎಷ್ಟನೆಯ ಯತ್ನ? ಅವನ ಕಣ್ಣು ಅವಳ ಹೆಗಲ ಮೇಲಿಂದ ಮೇಲೆ ಬಂದು, ನನ್ನ ಕಂಬದ ತುದಿಯಲ್ಲಿ ನಿಂತಿತು.

"ಎರಡು."

ಮಾರ್ಲೂಸ್ ತಿರುಗಿ ಕಂಬ ನೋಡಿದಳು. ಎರಡು. "ಖುಟ್," ಎಂದು ಕೋಚ್ ಕಡೆಗೆ ಹೆಬ್ಬೆರಳೆತ್ತಿ ಹೊರಟಳು. ಅಷ್ಟರಲ್ಲಿ ತೀರ್ಪುಗಾರ ನನ್ನತ್ತ ಮೂರು ಬೆರಳು ತೋರಿಸಿ ಕೂಗಿದ. ನಾನು ಅಂಕಿ ತಿರುಗಿಸಿದೆ. ಆ 'ಟಕ್' ಸದ್ದಿನೊಡನೆ ನನಗೆ ಅರಿವಾಯಿತು: ಅವನಿಗೆ ಏನೂ ತಿಳಿಯುತ್ತಿಲ್ಲ. ಎದುರಿಗೆ ಕಂಡದ್ದನ್ನು ಓದಿದ. ನನ್ನ ತಪ್ಪನ್ನು ಓದಿದ.

ಪೆಟ್ಟು ಬಿದ್ದವನು ಒಂದು ಯತ್ನದ ಕಾಲ ಹೊರಗಿರಬೇಕೆಂಬುದು ನಿಯಮ. ಅಷ್ಟು ಹೊತ್ತು ಅವನು ನನ್ನ ಪಕ್ಕದಲ್ಲೇ ನಿಂತಿದ್ದ.

"ಪ್ರತೀಕ, ಅದು ಎರಡಲ್ಲ ಕಣೋ. ಮೂರು."

"ಹೌದಾ?" ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಹೇಳ್ಬೇಡಿ ಅಣ್ಣ. ನಿಮ್ಮ ದಮ್ಮಯ್ಯ."

"ತಲೆ ಕಣೋ. ಆಟ ಅಲ್ಲ."

"ಕಬಡ್ಡಿಯಲ್ಲಿ ಇದಕ್ಕಿಂತ ಜೋರು ಬಿದ್ದಿದ್ದೇನೆ ಮಾರಾಯ್ರೆ. ಎರಡು ವರ್ಷ ಆಯ್ತು ಬಂದು. ಜನ ನನ್ನ ಹೆಸ್ರು ಹಿಡಿದು ಕೂಗೋದು ಇಲ್ಲಿ ಮಾತ್ರ. ಅದೊಂದು ಬಿಡಿ ನಂಗೆ."

ಅದೇ ಹೊತ್ತಿಗೆ ಬೆಂಚಿನಿಂದ ಯಾರೋ ಅವನ ಹೆಸರು ಕೂಗಿದರು. ನಮ್ಮ ತಂಡ ಹತ್ತು ಗಜ ದಾಟಿತ್ತು. ನಾನು ಮುಂದೆ ಓಡಿ ಕಂಬ ನೆಟ್ಟು ಒಂದಕ್ಕೆ ತಿರುಗಿಸಿದೆ. ಪ್ರತೀಕ ಒಳಗೆ ಹೋದ. ನಾನು ಸುಮ್ಮನಿದ್ದೆ.

ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ: ನಾನು ಒಂದು ಯತ್ನದ ಪೂರ್ತಿ ಸುಮ್ಮನಿದ್ದೆ. ಸರಪಳಿಯವನು ಮಾತನಾಡಬಾರದು ಎಂದುಕೊಂಡೆ. ದೊಡ್ಡವರ ನಡುವೆ ಬಾಯಿ ಹಾಕಬಾರದೆಂದು ಬೆಳೆದವನು ನಾನು. ಇಲ್ಲಿ ಹೊರಗಿನವನು ಬೇರೆ. ತಪ್ಪು ನನ್ನದೆಂದು ಎಲ್ಲರಿಗೂ ಗೊತ್ತಾಗುತ್ತದಲ್ಲ ಎಂದೂ ಅಂದುಕೊಂಡೆ. ಇಷ್ಟೆಲ್ಲ ಅಂದುಕೊಳ್ಳಲು ಆರೇಳು ಸೆಕೆಂಡು ಸಾಕಾಯಿತು. ಚೆಂಡು ಆಚೆ ಬದಿಗೆ ಹೋಯಿತು, ಇಪ್ಪತ್ತೊಂದು ಜನ ಅದರ ಹಿಂದೆ ಓಡಿದರು. ಪ್ರತೀಕ ಒಬ್ಬನೇ ನಿಂತಲ್ಲೇ ನಿಂತು, ನಮ್ಮ ಕಡೆಗೆ ಮುಖ ಮಾಡಿ, ಬಸ್ಸು ತಪ್ಪಿದವನ ಹಾಗೆ ಅತ್ತಿತ್ತ ನೋಡುತ್ತಿದ್ದ.

ಹತ್ತು ಗಜ ಮುಂದೆ ಸರಪಳಿಯ ಕೋಲು ಹಿಡಿದಿದ್ದ ಹೆಂಕ್ ನನ್ನತ್ತ ತಿರುಗಿದರು. "ಹೇಳಿಬಿಡು ಮತ್ತೆ," ಎಂದರು ಡಚ್ಚಿನಲ್ಲಿ. ಅಷ್ಟೇ.

ನಾನು ಅಂಕಿ ತಿರುಗಿಸಲಿಲ್ಲ. ಕಂಬವನ್ನು ಹುಲ್ಲಿನ ಮೇಲೆ ಮಲಗಿಸಿ ಗೆರೆ ದಾಟಿದೆ. ಕಂಬವಿಲ್ಲದೆ ಮುಂದಿನ ಯತ್ನ ಶುರುವಾಗುವಂತಿಲ್ಲ. ಎರಡೂ ಕಡೆಯವರು ಕೂಗಿದರು, ತೀರ್ಪುಗಾರ ಕೈ ಬೀಸುತ್ತ ಬಂದ. ನನ್ನ ಡಚ್ ಅಂಗಡಿಗೆ ಸಾಕಾಗುವಷ್ಟು, ಅದರಲ್ಲೇ ಹೇಳಿದೆ. ಅದು ಮೂರನೆಯದು. ನಾನು ತಿರುಗಿಸಲು ಮರೆತೆ. ಅವನು ನನ್ನ ಕಂಬ ನೋಡಿ ಹೇಳಿದ. ಯಾವ ಕಡೆ ಓಡಬೇಕೆಂದು ನನ್ನನ್ನು ಕೇಳಿದ. ಮಾರ್ಲೂಸಳ ಮುಖ ಬಿಳುಚಿತು. ಅವಳೇ ಹೋಗಿ ಪ್ರತೀಕನ ಶಿರಸ್ತ್ರಾಣ ಬಿಚ್ಚಿ ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಹೊರಗೆ ಬರುವಾಗ ಪ್ರತೀಕ ನನ್ನನ್ನು ನೋಡಿ ತುಳುವಿನಲ್ಲಿ ಏನೋ ಬೈದ. ಬೆಂಚು ಮುಟ್ಟುವ ಮೊದಲೇ ವಾಂತಿ ಮಾಡಿಕೊಂಡ.

ನಾವು ಸೋತೆವು. ಕ್ಯಾಂಟೀನಿನಲ್ಲಿ ಒಬ್ಬ ಆಟಗಾರ ನನ್ನೆದುರು ನಿಂತು, "ನಿನ್ನಿಂದ ಪಂದ್ಯ ಹೋಯ್ತು. ನೀನು ಮಾಡಿದ್ದು ಸರಿ. ಎರಡೂ ನಿಜ," ಎಂದು ಹೇಳಿ ಹೋದ. ನಮ್ಮಲ್ಲಿ ಇದರಲ್ಲಿ ಒಂದನ್ನು ಮುಖಕ್ಕೆ, ಇನ್ನೊಂದನ್ನು ಬೆನ್ನಿಗೆ ಹೇಳುತ್ತಾರೆ.

ಆಸ್ಪತ್ರೆಯಲ್ಲಿ ಅದನ್ನು ಮಿದುಳು ಅಲುಗಿದ ಪೆಟ್ಟು ಎಂದರು. ಇನ್ನೊಂದು ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ವೈದ್ಯೆ, "ಬೀಳಲಿಲ್ಲವಲ್ಲ," ಎಂದಷ್ಟೇ ಹೇಳಿದರು. ಆರು ವಾರ ಪರದೆ ಎಳೆದ ಕೋಣೆ, ಓದುವಂತಿಲ್ಲ, ಮೊಬೈಲು, ಕಂಪ್ಯೂಟರು ನೋಡುವಂತಿಲ್ಲ. ಮೂರನೆಯ ದಿನ ಮಧ್ಯಾಹ್ನ ನಾನು ಅವನ ಕೋಣೆಯಲ್ಲಿದ್ದಾಗ ಅವನ ಅಮ್ಮ ಫೋನ್ ಮಾಡಿದರು. "ಆರಾಮ ಇದ್ದೇನೆ ಅಮ್ಮ," ಎಂದ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಅವರು ನನ್ನ ಕೈಗೆ ಕೊಡಲು ಹೇಳಿದರು.

"ಅವ ಹುಷಾರಿದ್ದಾನಾ? ನೀವು ಹೇಳಿ."

ಪ್ರತೀಕ ತಲೆ ಅಲ್ಲಾಡಿಸುತ್ತಿದ್ದ, ಬೇಡ ಎಂದು. ನಾನು ಎಲ್ಲವನ್ನೂ ಹೇಳಿದೆ. ಅವರು, "ಸುಳ್ಳು ಹೇಳದೆ ಇದ್ದದ್ದಕ್ಕೆ ಉಪಕಾರ ಆಯ್ತು. ಒಂದು ಗಂಜಿ ಮಾಡಿಕೊಡಿ ಅವನಿಗೆ," ಎಂದರು. ಪ್ರತೀಕ ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಗಂಜಿ ಮಾತ್ರ ಕುಡಿದ.

ಹೆಂಕ್ ಆ ವಿಷಯ ಎತ್ತಿದ್ದು ಸೆಪ್ಟೆಂಬರಿನಲ್ಲಿ. "ಅವನು ನಿನ್ನ ಕಂಬ ಓದಿದ್ದನ್ನು ನಾನೂ ನೋಡಿದೆ. ಮೂರನೆಯದು ಅಂತ ನನಗೂ ಗೊತ್ತಿತ್ತು. ನೀನು ಹೇಳ್ತೀಯ ಅಂತ ಕಾದೆ. ಒಂದು ಯತ್ನ ನಾನೂ ಕಾದೆ." ಬಿಸ್ಕತ್ತಿನ ಡಬ್ಬವನ್ನು ಅವರು ಅವತ್ತು ಮುಚ್ಚಲು ಮರೆತರು.

ಹಲಗೆಯ ಮೇಲೆ ಈ ವರ್ಷವೂ ನನ್ನ ಹೆಸರಿದೆ. ಒಂದು ದಿನ ಗೆರೆ ದಾಟಿದವನು ಮತ್ತೆ ಎರಡು ಹೆಜ್ಜೆ ಹೊರಗೇ ನಿಲ್ಲುತ್ತೇನೆ. ಒಳಗಿನವನಾದೆ ಎಂದು ಅನ್ನಿಸಿಲ್ಲ. ಮೈಸೂರಿಗೆ ಹೋದಾಗ, ಅಕ್ಕನ ಮನೆಯ ಜಗಲಿಯ ಮೇಲೆ ಕೂತಿದ್ದಾಗಲೂ, ಕಾಲು ಆ ಎರಡು ಹೆಜ್ಜೆಯನ್ನು ಅಳೆಯುತ್ತಿರುತ್ತದೆ. ಅಕ್ಕ ಹೇಗಿದ್ದೀಯ ಎಂದಾಗ ಈಗ ಸ್ವಲ್ಪ ಯೋಚಿಸಿ ಹೇಳುತ್ತೇನೆ.

ನಾನು ಬರೆದದ್ದರಲ್ಲಿ ಸಂಶಯವಿದ್ದವರು ಕೇಳಬಹುದು. ಅಂದು ಆ ಗೆರೆಯ ಬಳಿ ನನ್ನೊಡನೆ ಇದರಲ್ಲಿ ಪಾಲಿದ್ದವರು ಮೂವರು. ಹೆಂಕ್, ಸರಪಳಿಯ ಮುಂದಿನ ಕೋಲಿನಲ್ಲಿ. ಈಗ ಎಂಬತ್ತೆರಡು, ಕೆಳಗಿನ ಮನೆಯಲ್ಲಿದ್ದಾರೆ. ಮಾರ್ಲೂಸ್, ಈಗ ಪ್ರಶ್ನೆ ಕೇಳುವಾಗ ಆಟಗಾರನ ಬೆನ್ನನ್ನು ಮೈದಾನಕ್ಕೂ ಕಂಬಕ್ಕೂ ತಿರುಗಿಸಿ ನಿಲ್ಲಿಸುತ್ತಾಳೆ. ಮತ್ತೆ ಪ್ರತೀಕ. ಕಂಬದ ಮೇಲೆ ಎರಡನ್ನು ನೋಡಿದ್ದು ಅವನಿಗೆ ನೆನಪಿಲ್ಲ, ಆ ದಿನವೇ ನೆನಪಿಲ್ಲ. ಅವನೂ ಇದ್ದಾನೆ.